ಪಟ್ಟಿಯಲ್ಲಿಲ್ಲದ ಹಳದಿ ಗೆರೆ

ನನ್ನ ಸೋದರಮಾವನಿಗೆ ಕಾಲೇಜಿನಲ್ಲಿ ನಿಧಾನಣ್ಣ ಎಂದೇ ಹೆಸರು. ಭೌತಶಾಸ್ತ್ರದ ಲ್ಯಾಬಿನಲ್ಲಿ ಅವನು ಅಟೆಂಡರ್. ಒಂದು ಪ್ರಿಸ್ಮನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಡಲು ಅವನಿಗೆ ಹಿಡಿಯುವ ಹೊತ್ತಿನಲ್ಲಿ ಬೇರೆಯವರು ಒಂದು ಲೋಟ ಟೀ ಕುಡಿದು ಮುಗಿಸುತ್ತಿದ್ದರು. ಎರಡೂ ಕೈ ಬೇಕು, ಕೆಳಗೆ ಮಡಿಸಿದ ಬಟ್ಟೆ ಬೇಕು, ಆ ಹೊತ್ತಿಗೆ ಯಾರೂ ಮಾತಾಡಿಸಕೂಡದು. ತಮಾಷೆಗೆ ಇಟ್ಟ ಹೆಸರು ಬರುಬರುತ್ತಾ ಗೌರವದ್ದಾಯಿತು. ಒಂದು ವರ್ಷ ಕಾಲೇಜಿನ ವಾರ್ಷಿಕ ಸಭೆಯಲ್ಲಿ ಪ್ರಿನ್ಸಿಪಾಲರು ಅವನನ್ನು ವೇದಿಕೆಗೆ ಕರೆಸಿ, "ಇಪ್ಪತ್ತು ವರ್ಷದಲ್ಲಿ ಇವರ ಕೈಯಿಂದ ಒಂದೇ ಒಂದು ಗಾಜು ಒಡೆದಿಲ್ಲ" ಎಂದು ಹೊಗಳಿ ಒಂದು ಗೋಡೆ ಗಡಿಯಾರ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟುವಾಗ ಮಾವ ತಲೆ ಎತ್ತಲಿಲ್ಲ. ವಿನಯ ಅಂದುಕೊಂಡೆವು. ಮನೆಗೆ ಬಂದ ಮೇಲೆ ಆ ಗಡಿಯಾರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲೂ ಇಲ್ಲ.

"ಇವರ ಕೈಗೆ ಸಿಕ್ಕಿ ಗಡಿಯಾರಾನೂ ನಿಧಾನ ಆಗ್ಬಿಡುತ್ತೇನೋ ಅಂತ ಭಯ" ಎಂದು ಅತ್ತೆ ನಕ್ಕಳು. ಮಾವ ನಗಲಿಲ್ಲ.

ಅವನ ಕೈಯಿಂದ ಒಂದು ಗಾಜು ಒಡೆದಿತ್ತು. ಅದು ಗೊತ್ತಿದ್ದದ್ದು ಅವನೊಬ್ಬನಿಗೆ.

ಆಗ ಅವನಿಗೆ ಇಪ್ಪತ್ತಾರು ವರ್ಷ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ತಿಂಗಳಲ್ಲೇ ಆರ್ಡರ್ ಬರಬೇಕಿತ್ತು. ಅವನಿಗಿಂತ ಮೊದಲು ಆ ಜಾಗದಲ್ಲಿದ್ದವನನ್ನು ಒಂದು ಸೂಕ್ಷ್ಮ ತಕ್ಕಡಿ ಬೀಳಿಸಿದ್ದಕ್ಕೆ ವಿಭಾಗದ ಮುಖ್ಯಸ್ಥರು ಮನೆಗೆ ಕಳಿಸಿದ್ದರು. ಆ ಕಥೆಯನ್ನು ಕೆಲಸಕ್ಕೆ ಸೇರಿದ ದಿನವೇ ಮಾವನಿಗೆ ಜವಾನನಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರೂ ಸರದಿಯಲ್ಲಿ ಹೇಳಿದ್ದರು.

ಅಂದು ಪ್ರಾಯೋಗಿಕ ಪರೀಕ್ಷೆ. ಮಕ್ಕಳು ಚೀಟಿ ಎತ್ತುತ್ತಾರೆ, ಚೀಟಿಯಲ್ಲಿ ಯಾವ ಪ್ರಯೋಗ ಬಂತೋ ಅದನ್ನು ಮಾಡಬೇಕು. ಅವುಗಳಲ್ಲೊಂದು ಹೈಡ್ರೋಜನ್ ಬೆಳಕಿನ ಗೆರೆಗಳನ್ನು ಅಳೆಯುವುದು. ಬೆರಳು ಗಾತ್ರದ ಗಾಜಿನ ಕೊಳವೆಯೊಳಗೆ ಸ್ವಲ್ಪ ಅನಿಲ ತುಂಬಿರುತ್ತದೆ. ವಿದ್ಯುತ್ ಹರಿಸಿದರೆ ಕೊಳವೆ ಹೊಳೆಯುತ್ತದೆ. ಆ ಬೆಳಕನ್ನು ಸ್ಪೆಕ್ಟ್ರೋಮೀಟರಿನ ದೂರದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಬಣ್ಣದ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಪ್ರತಿ ಅನಿಲಕ್ಕೂ ಅದರದ್ದೇ ಗೆರೆಗಳು. ಹೈಡ್ರೋಜನ್ ಆದರೆ ಒಂದು ಕೆಂಪು, ಒಂದು ಹಸಿರುನೀಲಿ, ಒಂದು ನೇರಳೆ. ಪುಸ್ತಕದಲ್ಲಿ ಪಟ್ಟಿ ಇದೆ, ಮಕ್ಕಳಿಗೆ ಬಾಯಿಪಾಠ.

ಬೆಳಿಗ್ಗೆ ಮಾವ ಹತ್ತಿಯ ಪೆಟ್ಟಿಗೆಯಿಂದ ಹೈಡ್ರೋಜನ್ ಕೊಳವೆಯನ್ನು ತೆಗೆಯುತ್ತಿದ್ದ. ಹೊರಗಿನಿಂದ ಯಾರೋ "ಪರೀಕ್ಷಕರು ಬಂದ್ರು, ಬೇಗ, ಬೇಗ" ಎಂದು ಕೂಗಿದರು. ಸರಕ್ಕನೆ ತಿರುಗಿದ. ಮೊಣಕೈ ಬೀರುವಿನ ಬಾಗಿಲಿಗೆ ತಗುಲಿತು. ಕೊಳವೆ ನೆಲಕ್ಕೆ ಬಿದ್ದ ಸದ್ದು ಎಷ್ಟು ಸಣ್ಣದಿತ್ತೆಂದರೆ ಪಕ್ಕದ ಕೋಣೆಯಲ್ಲಿದ್ದ ಭೌತಶಾಸ್ತ್ರದ ಮೇಡಮ್‌ಗೂ ಕೇಳಿಸಲಿಲ್ಲ.

ಕಾಲೇಜಿನಲ್ಲಿದ್ದದ್ದು ಅದೊಂದೇ. ಪೆಟ್ಟಿಗೆಯಲ್ಲಿ ಪಕ್ಕದಲ್ಲೇ ಹೀಲಿಯಂ ಕೊಳವೆ ಮಲಗಿತ್ತು. ಹಚ್ಚಿದರೆ ಅದೂ ನಸುಗೆಂಪಾಗಿಯೇ ಹೊಳೆಯುತ್ತದೆ, ಸ್ವಲ್ಪ ಕಿತ್ತಳೆಯ ಕಡೆಗೆ. ಅದರಲ್ಲೂ ಒಂದು ಕೆಂಪು ಗೆರೆ ಇದೆ, ಹಸಿರುನೀಲಿ ಇದೆ, ನೇರಳೆಯ ಹತ್ತಿರದ್ದು ಒಂದಿದೆ. ಮಾವ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಹೆಸರಿನ ಚೀಟಿ ಗೋಡೆಯ ಕಡೆಗೆ ಬರುವಂತೆ ತಿರುಗಿಸಿಟ್ಟ. ಒಡೆದ ಚೂರುಗಳನ್ನು ತನ್ನ ಊಟದ ಡಬ್ಬಿಯೊಳಗೆ ಹಾಕಿ ಮುಚ್ಚಿದ.

"ಹೇಳಿದ್ರೆ ಏನಾಗ್ತಿತ್ತು?" ಎಂದು ಅವನು ಮುಂದೆ ನನ್ನನ್ನು ಎಷ್ಟೋ ಸಲ ಕೇಳಿದ್ದಾನೆ. "ಚೀಟಿಗಳಲ್ಲಿ ಒಂದು ಚೀಟಿ ಕಮ್ಮಿ ಮಾಡ್ತಿದ್ರು. ಅಷ್ಟೇ ಕಣೇ ಪುಟ್ಟಿ. ಅಷ್ಟೇ."

ಅವತ್ತು ಆ ಚೀಟಿ ಏಳು ಜನಕ್ಕೆ ಬಂತು. ಆರು ಜನ ದೂರದರ್ಶಕಕ್ಕೆ ಕಣ್ಣಿಟ್ಟು, ಕೆಂಪು, ಹಸಿರುನೀಲಿ, ನೇರಳೆ ಎಂದು ಬರೆದು, ಕೋನಗಳನ್ನು ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಲ್ಲಿಷ್ಟು ಇಲ್ಲಿಷ್ಟು ಎಳೆದು ಕೂರಿಸಿ ಎದ್ದು ಹೋದರು. ಏಳನೆಯವಳು ಕೊನೆಯ ಬೆಂಚಿನ ಒಬ್ಬ ಹುಡುಗಿ. ಕಣ್ಣಿಟ್ಟವಳು ತೆಗೆಯಲೇ ಇಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಆಮೇಲೆ ಮಾವನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು:

"ಅಣ್ಣ, ಇದು ಹೈಡ್ರೋಜನ್ ಕೊಳವೆ ತಾನೇ?"

"ಹೌದಮ್ಮ. ಅದೇ."

"ಹಳದಿ ಒಂದು ಕಾಣ್ತಿದೆಯಲ್ಲ? ಎಲ್ಲಕ್ಕಿಂತ ಅದೇ ಜೋರಾಗಿದೆ."

"ನಂಗದೆಲ್ಲ ಗೊತ್ತಾಗಲ್ಲಮ್ಮ. ನೀನು ಬರಿ."

ಅವಳು ಬರೆದಳು. ಐದು ಗೆರೆ ಬರೆದಳು. ಹಳದಿಯ ಮುಂದೆ, "ಇದು ಹೈಡ್ರೋಜನ್ ಪಟ್ಟಿಯಲ್ಲಿಲ್ಲ, ಆದರೆ ಸ್ಪಷ್ಟವಾಗಿ ಕಾಣುತ್ತಿದೆ" ಎಂದು ಒಂದು ಸಾಲು ಸೇರಿಸಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ ಮಧ್ಯಾಹ್ನ ಇನ್ನೊಂದು ಕಾಲೇಜಿಗೆ ಹೋಗುವ ಅವಸರ. ಉತ್ತರಪತ್ರಿಕೆ ನೋಡಿ ಎಲ್ಲರ ಮುಂದೆಯೇ ದನಿ ಎತ್ತಿದರು. "ಹೈಡ್ರೋಜನ್‌ನಲ್ಲಿ ಹಳದಿ ಎಲ್ಲಿಂದ ಬರುತ್ತೆ? ಪುಸ್ತಕ ಓದಿಲ್ಲ ಅಂದ್ರೂ ಪರವಾಗಿಲ್ಲ, ಕಣ್ಣಾದ್ರೂ ನೆಟ್ಟಗಿರಬೇಡ್ವಾ?" ಒಂದಿಬ್ಬರು ನಕ್ಕರು. ಹುಡುಗಿ, "ನೀವೇ ಒಂದ್ಸಲ ನೋಡಿ ಸರ್" ಎಂದಳು. ಅದು ಅವರಿಗೆ ಉದ್ಧಟತನವಾಗಿ ಕೇಳಿಸಿತು. ಮಾವ ಆ ಮೇಜಿನಿಂದ ಎರಡು ಮಾರು ದೂರದಲ್ಲಿ, ಒರೆಸಿದ ಮಸೂರವನ್ನೇ ಮತ್ತೆ ಮತ್ತೆ ಒರೆಸುತ್ತಾ ನಿಂತಿದ್ದ.

ಅವಳು ಫೇಲಾದಳು. ಮುಂದಿನ ವಾರ ಮಾವನ ಕಾಯಂ ಆರ್ಡರ್ ಬಂತು. ಮನೆಯಲ್ಲಿ ಎಲ್ಲರೂ ಸಂತೋಷಪಟ್ಟರು. ಫಲಿತಾಂಶ ಬಂದ ಮೇಲೆ ಹುಡುಗಿ ಒಂದು ದಿನ ಲ್ಯಾಬಿನ ಬಾಗಿಲಿಗೆ ಬಂದು, "ಅಣ್ಣ, ಆ ಕೊಳವೇನ ಇನ್ನೊಂದ್ಸಲ ಹಚ್ಚಿ ತೋರಿಸ್ತೀರಾ?" ಎಂದು ಕೇಳಿದಳು. ಬೀರುವಿನ ಕೀ ಮೇಡಮ್ ಹತ್ತಿರ ಇದೆ ಎಂದುಬಿಟ್ಟ ಮಾವ. ಕೀ ಅವನ ಜೇಬಿನಲ್ಲೇ ಇತ್ತು. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು. ಹೈಡ್ರೋಜನ್ ಕೊಳವೆ ಹಳೆಯದಾಗಿ ಕೆಟ್ಟಿದೆ ಎಂದು ಆರು ತಿಂಗಳ ಮೇಲೆ ಬರೆದುಕೊಟ್ಟ. ಹೊಸದು ಬಂತು.

ಅಲ್ಲಿಂದಲೇ ಅವನ ಕೈ ನಿಧಾನವಾದದ್ದು.

ಇದನ್ನು ಮರೆಯಬಹುದಿತ್ತೇನೋ. ಆದರೆ ಮೇಡಮ್ ಪ್ರತಿ ವರ್ಷವೂ ಪರಮಾಣುವಿನ ಪಾಠ ಮಾಡುತ್ತಿದ್ದರು. ನಮ್ಮ ಮೇಡಮ್‌ಗೆ ಬರೀ ಬೋರ್ಡಿನ ಮೇಲೆ ಬರೆದು ಪಾಠ ಮಾಡಿ ಅಭ್ಯಾಸವಿಲ್ಲ. ಪರಮಾಣು ಎಂದರೆ ಹೀಗಿರಬಹುದು ಎಂದು ಜನ ಒಂದೊಂದು ಕಾಲಕ್ಕೆ ಕಲ್ಪಿಸಿಕೊಂಡ ಮಾದರಿಗಳನ್ನೆಲ್ಲ ಸಾಲಾಗಿ ಮೇಜಿನ ಮೇಲೆ ಇಡಿಸುತ್ತಿದ್ದರು. ಇಡುವುದು, ಎತ್ತಿ ತೋರಿಸುವುದು ಮಾವನ ಕೆಲಸ. ಒಂದು ಮರದ ಚೆಂಡು, ಬಡಗಿಯ ಹತ್ತಿರ ಮಾಡಿಸಿದ್ದು. ಒಂದು ಸೀಬೆಹಣ್ಣು, ಬೆಳಿಗ್ಗೆ ಕೊಂಡು ತಂದದ್ದು. ತಂತಿಯ ಬಳೆಗಳಲ್ಲಿ ಮಣಿ ಪೋಣಿಸಿದ್ದು ಒಂದು. ಕಡೆಯದಕ್ಕೆ ಸೀಮೆಸುಣ್ಣದ ಎರಡು ಡಸ್ಟರ್. ಮೇಡಮ್ ಕಿಟಕಿಯ ಬಿಸಿಲಿನಲ್ಲಿ ಅವೆರಡನ್ನೂ ಚಟ್ಟನೆ ಬಡಿದಾಗ ಏಳುವ ಪುಡಿಯ ಮೋಡಕ್ಕೆ ಮುಂದಿನ ಬೆಂಚಿನವರೆಲ್ಲ ಕೆಮ್ಮುತ್ತಿದ್ದರು.

ಪ್ರತಿ ಮಾದರಿ ಬಿದ್ದುಹೋದದ್ದೂ ಒಂದೇ ಕಾರಣಕ್ಕೆ ಎಂದು ಅವರು ಹೇಳುತ್ತಿದ್ದರು. ಹೊಂದದೆ ಇದ್ದ ಒಂದು ಸಂಗತಿಯನ್ನು ಯಾರೋ ಕಂಡರು, ಕಂಡದ್ದನ್ನು ಮುಚ್ಚಿಡಲಿಲ್ಲ. ಇಪ್ಪತ್ತೆರಡು ವರ್ಷ ಮಾವ ಕೈಯಲ್ಲಿ ಸೀಬೆಹಣ್ಣು ಹಿಡಿದು ನಿಂತು ಆ ಮಾತನ್ನು ಕೇಳಿದ. ಪಾಠದ ದಿನ ರಾತ್ರಿ ಊಟ ಸೇರುತ್ತಿರಲಿಲ್ಲ. ಅತ್ತೆಗೆ ಅದು ಹೊಟ್ಟೆಯ ತೊಂದರೆ ಎಂದೇ ನಂಬಿಕೆ, ಸೀಬೆಹಣ್ಣಿನ ಮೇಲೆ ಅನುಮಾನ.

ಆ ಕಾಲೇಜಿಗೆ ನಾನು ಸೇರಿದ ವರ್ಷವೇ ಮೇಡಮ್ ನಿವೃತ್ತಿಯಾಗುವವರಿದ್ದರು. ಹಾಗಾಗಿ ಅವರ ಕಡೆಯ ಪರಮಾಣು ಪಾಠ ನಮ್ಮ ತರಗತಿಗೆ ಸಿಕ್ಕಿತು. ನಾನು ಎರಡನೇ ಬೆಂಚಿನಲ್ಲಿದ್ದೆ.

ಮರದ ಚೆಂಡನ್ನು ಎತ್ತಿ, "ಬಹಳ ಕಾಲ ಜನ ಹೀಗೇ ಅಂದ್ಕೊಂಡಿದ್ರು. ಗಟ್ಟಿ, ಒಡೆಯೋಕಾಗಲ್ಲ" ಎಂದರು. ಗಾಳಿ ಹೊರಗೆಳೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸಿದವರಿಗೆ ಯಾವ ಪರಮಾಣುವಿಗಿಂತಲೂ ಹಗುರಾದ ಕಣಗಳು ಸಿಕ್ಕಿದವು. ಚೆಂಡು ಹೋಗಿ ಸೀಬೆಹಣ್ಣು ಬಂತು, ತಿರುಳಿನಲ್ಲಿ ಹುದುಗಿದ ಬೀಜಗಳಂತೆ ಎಲೆಕ್ಟ್ರಾನುಗಳು. ಆಮೇಲೆ ತೆಳ್ಳಗಿನ ಚಿನ್ನದ ತಗಡಿನ ಮೇಲೆ ವೇಗದ ಕಣಗಳನ್ನು ಹಾಯಿಸಿದರು. ಹೆಚ್ಚುಕಮ್ಮಿ ಎಲ್ಲವೂ ನೆಟ್ಟಗೆ ತೂರಿಹೋದವು. ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಹಿಂದಕ್ಕೆ ತಿರುಗಿತು. "ನೀವಾಗಿದ್ರೆ ಏನ್ಮಾಡ್ತಿದ್ರಿ? ಒಂದು ತಾನೇ, ಹೋಗಲಿ ಬಿಡು ಅಂತಿದ್ರಿ" ಎಂದು ನಮ್ಮನ್ನು ಕುಟುಕಿದರು. ಆ ಪ್ರಯೋಗ ಮಾಡಿದವರು ಬಿಡಲಿಲ್ಲ. ಪರಮಾಣು ಬಹುಪಾಲು ಖಾಲಿ, ನಡುವೆ ಒಂದು ಪುಟ್ಟ ಬೀಜಕೇಂದ್ರ ಎಂದು ತಿಳಿದದ್ದು ಆ ಒಂದರಿಂದ. ಎಲೆಕ್ಟ್ರಾನು ಸುತ್ತುತ್ತಾ ಸುತ್ತುತ್ತಾ ಒಳಗೆ ಬಿದ್ದುಹೋಗಬೇಕಿತ್ತು, ಯಾಕೆ ಬೀಳುವುದಿಲ್ಲ? ಅದಕ್ಕೆ ಉತ್ತರ ಹುಡುಕುವಾಗ ಕೈಹಿಡಿದದ್ದು ಹೈಡ್ರೋಜನ್ ಗೆರೆಗಳು. ಇಂತಿಂಥ ಹಾದಿಯಲ್ಲೇ ಎಲೆಕ್ಟ್ರಾನು ಇರುತ್ತದೆ, ಒಂದು ಹಾದಿಯಿಂದ ಇನ್ನೊಂದಕ್ಕೆ ಇಳಿದರೆ ಒಂದು ಬಣ್ಣ ಹೊರಬರುತ್ತದೆ. ಮಾವ ತಂತಿಯ ಬಳೆಗಳನ್ನು ಎತ್ತಿ ಹಿಡಿದಿದ್ದ.

ಪ್ರತಿ ವರ್ಷ ಮೇಡಮ್ ಅಲ್ಲಿಂದ ನೇರವಾಗಿ ಡಸ್ಟರಿಗೆ ಹೋಗುತ್ತಿದ್ದರಂತೆ. ಅಂದು ಕಡೆಯ ಪಾಠವೆಂದೋ ಏನೋ, ದಾರಿ ಬಿಟ್ಟು ಒಂದು ಕಥೆ ಹೇಳಿದರು.

"ಒಂದು ಗ್ರಹಣದ ಹೊತ್ತಲ್ಲಿ ಸೂರ್ಯನ ಅಂಚಿನ ಬೆಳಕನ್ನ ಹೀಗೇ ಗೆರೆಗೆರೆಯಾಗಿ ಬಿಡಿಸಿ ನೋಡ್ತಿದ್ರು. ಒಂದು ಹಳದಿ ಗೆರೆ ಕಾಣಿಸ್ತು. ಗೊತ್ತಿದ್ದ ಯಾವ ವಸ್ತುವಿನ ಪಟ್ಟಿಗೂ ಅದು ಹೊಂದಲಿಲ್ಲ. ಭೂಮಿ ಮೇಲೆ ಯಾರೂ ಕಾಣದೇ ಇರೋ ವಸ್ತು ಅದು, ಹೀಲಿಯಂ. ಕೈಗೆ ಸಿಗೋಕೆ ಇನ್ನೂ ಇಪ್ಪತ್ತಾರು ಇಪ್ಪತ್ತೇಳು ವರ್ಷ ಬೇಕಾಯ್ತು. ಅಲ್ಲೀವರೆಗೂ ಎಷ್ಟು ಜನ ನಕ್ಕಿರಬಹುದು! ಮುಂದೆ ಈ ತಂತಿ ಬಳೆ ಲೆಕ್ಕ ಹೈಡ್ರೋಜನ್‌ಗೆ ಚೆನ್ನಾಗಿ ಕೂತ್ಕೊಳ್ತು, ಪಕ್ಕದಲ್ಲೇ ಇರೋ ಹೀಲಿಯಂಗೆ ಕೂರಲೇ ಇಲ್ಲ. ಹಾಗಾಗಿ ಬಳೆಗಳೂ ಹೋಗಿ, ಎಲೆಕ್ಟ್ರಾನು ಇಲ್ಲಿರಬಹುದು, ಅಲ್ಲಿರಬಹುದು ಅನ್ನೋ ಒಂದು ಮೋಡ ಬಂತು. ಆ ಹಳದಿ ಗೆರೆ ನೋಡಿದವರಿಗೆ ಯಾರಾದ್ರೂ 'ನಿನ್ನ ಕಣ್ಣು ಸರಿ ಇಲ್ಲ' ಅಂದು ಬಾಯಿ ಮುಚ್ಚಿಸಿದ್ರೆ ಏನಾಗ್ತಿತ್ತು ಯೋಚಿಸಿ."

ಖಣಖಣ ಎಂದು ಸದ್ದಾಯಿತು. ತಂತಿಯ ಬಳೆಗಳು ಮಾವನ ಕೈಜಾರಿ ನೆಲಕ್ಕೆ ಬಿದ್ದು ಮಣಿಗಳೆಲ್ಲ ಬೆಂಚಿನಡಿ ಉರುಳಿದವು. ತರಗತಿ ಗೊಳ್ಳೆಂದಿತು. ನಿಧಾನಣ್ಣನ ಕೈಯಿಂದ ವಸ್ತು ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಮಾವ ಬಗ್ಗಿ ಒಂದು ಮಣಿಯನ್ನೂ ಎತ್ತಲಿಲ್ಲ. ಬಾಗಿಲು ತೆಗೆದು ಹೊರಗೆ ನಡೆದ.

ಪಾಠ ಮುಗಿದ ಮೇಲೆ ನಾನು ಹುಡುಕಿಕೊಂಡು ಹೋದೆ. ಲ್ಯಾಬಿನ ಒಳಕೋಣೆಯಲ್ಲಿ, ಬೀರುವಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. "ಏನಾಯ್ತು ಮಾವ?" ಎಂದೆ. ಅಷ್ಟರಲ್ಲಿ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ ಮೇಡಮ್ ಒಳಗೆ ಬಂದರು. ಮಾವ ಎದ್ದು ನಿಂತ. ನಾನು ಹೊರಡಬೇಕೆಂದಿದ್ದೆ. "ನೀನೂ ಇರು" ಎಂದು ನನ್ನ ಕೈ ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ. ಕೊಳವೆ, ಚೀಟಿ, ಊಟದ ಡಬ್ಬಿ, "ಹೌದಮ್ಮ, ಅದೇ" ಎಂದದ್ದು, ಜೇಬಿನಲ್ಲಿದ್ದ ಕೀ. ಒಂದನ್ನೂ ಬಿಡಲಿಲ್ಲ, ತನ್ನ ಪರವಾಗಿ ಒಂದು ಮಾತೂ ಸೇರಿಸಲಿಲ್ಲ.

ಮೇಡಮ್ ಬಯ್ಯುತ್ತಾರೆ ಎಂದುಕೊಂಡೆ. ಅವರು ಸ್ಟೂಲನ್ನು ಎಳೆದು ತಾವೇ ಕೂತರು.

"ಆ ಹುಡುಗಿ ನನಗೆ ನೆನಪಿದ್ದಾಳೆ ಕಣ್ರೀ. ಆ ಪರೀಕ್ಷೇಲಿ ಕಾಲೇಜಿನ ಕಡೆಯಿಂದ ಪರೀಕ್ಷಕಿ ನಾನೇ. ಅವಳ ಪೇಪರ್ ಮೇಲೆ ನನ್ನ ಸಹೀನೂ ಇದೆ" ಎಂದರು. "ಐದು ಗೆರೆ ಬರೆದಿದ್ದಾಳೆ ಅಂತ ಓದಿದೆ. ಎದ್ದು ನಾಲ್ಕು ಹೆಜ್ಜೆ ನಡೆದು ಒಂದ್ಸಲ ಕಣ್ಣಿಟ್ಟಿದ್ರೆ ನನಗೆ ಅರ್ಧ ನಿಮಿಷದಲ್ಲಿ ಗೊತ್ತಾಗ್ತಿತ್ತು. ಹೊರಗಿನವರ ಎದುರು ಯಾಕೆ ಅಂತ ಸುಮ್ಮನಾದೆ. ನೀವು ಕೆಲಸ ಹೋಗುತ್ತೆ ಅಂತ ಹೆದರಿದ್ರಿ. ನನಗೆ ಹೆದರೋಕೆ ಅಂಥದ್ದೇನೂ ಇರಲಿಲ್ಲ" ಎಂದರು.

ಅದನ್ನು ಕೇಳಿ ಮಾವನಿಗೆ ಸಮಾಧಾನವಾಗಲಿಲ್ಲ. ತನ್ನ ತಪ್ಪು ಇನ್ನೊಬ್ಬರಿಗೂ ಅಂಟಿತಲ್ಲ ಎಂದು ಇನ್ನಷ್ಟು ಕುಗ್ಗಿಹೋದ.

ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಕಾಲೇಜಿನೆದುರು ಪುಸ್ತಕ, ಪೆನ್ನಿನ ಅಂಗಡಿ ಇಟ್ಟಿದ್ದವನು ಅವಳ ಸಹಪಾಠಿ, ಅಂದಿನ ಆರು ಜನರಲ್ಲಿ ಒಬ್ಬ. "ಅವಳಾ? ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೇಲಿ ಪ್ಯಾಕಿಂಗ್‌ನಲ್ಲಿದ್ದಾಳೆ. ಯಾಕೆ?" ಎಂದ. ಯಾಕೆ ಎಂದು ಮಾವ ಅವನಿಗೆ ಹೇಳಲಿಲ್ಲ. ಮೊದಲು ಅವಳಿಗೇ ಹೇಳಬೇಕು ಎಂದು ನನಗೆ ತಾಕೀತು ಮಾಡಿದ. ಮೇಡಮ್ ತಾವೂ ಬರುವುದಾಗಿ ಹೇಳಿದರು. "ಮೊದಲು ನಾನು ಹೋಗ್ತೀನಿ ಮೇಡಮ್. ಸುಳ್ಳು ಹೇಳಿದ ಬಾಯಿ ನಂದು" ಎಂದ. ನನ್ನನ್ನು ಜೊತೆಗೆ ಕರೆದುಕೊಂಡು ಹೋದದ್ದು, ಎದುರು ನಿಂತಾಗ ಬಾಯಿ ಬರದಿದ್ದರೆ ನಾನಾದರೂ ಹೇಳಲಿ ಎಂದು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಾರ್ಖಾನೆಯ ಗೇಟಿನ ಹತ್ತಿರ ಸೈಕಲ್ ಸ್ಟ್ಯಾಂಡಿನ ಪಕ್ಕದ ಸಿಮೆಂಟಿನ ಕಟ್ಟೆಯ ಮೇಲೆ ಕೂತೆವು. ಆಕೆ ಬಂದಳು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಬೆರಳ ತುದಿಗಳಲ್ಲಿ ಲೇಬಲ್ಲಿನ ಅಂಟು. ಮಾವನನ್ನು ನೋಡಿದ ಕೂಡಲೇ ಗುರುತಿಸಿದಳು. "ಅಣ್ಣ! ಲ್ಯಾಬಿನ ಅಣ್ಣ ಅಲ್ವಾ?" ಎಂದು ನಕ್ಕಳು. ಆ ನಗು ಅವನಿಗೆ ಏಟಿಗಿಂತ ಹೆಚ್ಚಾಗಿ ತಗುಲಿತು ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

ಮಾವ ನಿಂತೇ ಹೇಳಿದ. "ಅವತ್ತು ನೀವು ಕಂಡಿದ್ದು ಸರಿಯಿತ್ತಮ್ಮ. ಅದು ಹೈಡ್ರೋಜನ್ ಕೊಳವೆ ಅಲ್ಲ. ಹೀಲಿಯಂದು. ನಾನು ಒಡೆದುಹಾಕಿ, ಬದಲಾಯಿಸಿಟ್ಟು, ನೀವು ಕೇಳಿದಾಗ ಸುಳ್ಳು ಹೇಳಿದೆ."

ಆಕೆ ಕಟ್ಟೆಯ ಮೇಲೆ ಕೂತಳು. ಊಟದ ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು.

"ನಾನು ಮೂರು ಸಲ ಕಣ್ಣಿನ ಡಾಕ್ಟರ್ ಹತ್ತಿರ ಹೋದೆ ಗೊತ್ತಾ? ಮೂರು ಸಲಾನೂ ಏನೂ ತೊಂದ್ರೆ ಇಲ್ಲ ಅಂದ್ರು. ನಾನು ನಂಬಲಿಲ್ಲ" ಎಂದಳು. "ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಕಟ್ಟಿದೆ. ಮತ್ತೆ ಅದೇ ಚೀಟಿ ಬಂತು. ಈ ಸಲ ನಾನು ಕಣ್ಣೇ ಇಡಲಿಲ್ಲ ಅಣ್ಣ. ಇಟ್ಟ ಹಾಗೆ ಮಾಡಿ ಪುಸ್ತಕದಲ್ಲಿದ್ದದ್ದನ್ನ ಬರೆದೆ. ಒಳ್ಳೇ ಮಾರ್ಕ್ಸ್ ಬಂತು. ಮುಂದೆ ಓದೋ ಆಸೆ ಅವತ್ತೇ ಹೋಯ್ತು."

ಮಾವ ಕಟ್ಟೆಯ ತುದಿಗೆ ಕೂತ.

"ಇಲ್ಲಿಗೆ ಸೇರಿದಾಗ ಬಣ್ಣ ಹೋಲಿಸೋ ಕೋಣೇಲಿ ಕೆಲಸ ಕೊಡ್ತೀವಿ ಅಂದ್ರು. ನಮೂನೆ ಬಟ್ಟೆ ಪಕ್ಕದಲ್ಲಿಟ್ಟು ಹೊಸ ಬಟ್ಟೆ ಬಣ್ಣ ಸರಿ ಬಂದಿದೆಯಾ ನೋಡೋದು. ಪ್ಯಾಕಿಂಗ್‌ಗಿಂತ ಒಳ್ಳೇ ಕೆಲಸ. ಬೇಡ ಅಂದೆ. ನನ್ನ ಕಣ್ಣನ್ನ ನಂಬಿ ಯಾರಿಗೂ ನಷ್ಟ ಆಗೋದು ಬೇಡ ಅಂತ."

ಬಿಡುವು ಮುಗಿದ ಗಂಟೆ ಹೊಡೆಯಿತು. ಆಕೆ ಎದ್ದಳು. ಊಟ ಮಾಡಿರಲಿಲ್ಲ. ಮಾವ ಕೈ ಜೋಡಿಸಿದ. "ಅದೆಲ್ಲ ಬೇಡ" ಎಂದಳು, ಸಿಟ್ಟಿನಿಂದಲ್ಲ, ಸುಸ್ತಾದವರ ಹಾಗೆ. ಎರಡು ಹೆಜ್ಜೆ ಹೋದವಳು ತಿರುಗಿ ಕೇಳಿದಳು: "ಆ ಕೊಳವೆ ಇನ್ನೂ ಇದೆಯಾ?"

ಭಾನುವಾರ ಬೆಳಿಗ್ಗೆ ಮೇಡಮ್ ಪ್ರಿನ್ಸಿಪಾಲರ ಅನುಮತಿ ಪಡೆದು ಲ್ಯಾಬ್ ತೆಗೆಸಿದರು. ಮಾವ ಕಿಟಕಿಗಳ ಕಪ್ಪು ಪರದೆ ಎಳೆದು, ಹೀಲಿಯಂ ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ಈ ಸಲ ಹೆಸರಿನ ಚೀಟಿ ಎದುರಿಗೇ ಇತ್ತು. ಆಕೆ ಬಂದು ಮೇಡಮ್‌ಗೆ ನಮಸ್ಕಾರ ಹೇಳಿದಳು. "ನಾನು ಅವತ್ತು ಎದ್ದು ಬಂದು ನೋಡಬೇಕಿತ್ತು" ಎಂದಷ್ಟೇ ಮೇಡಮ್ ಹೇಳಿದರು.

"ಹೌದು ಮೇಡಮ್, ನೋಡಬೇಕಿತ್ತು" ಎಂದು ಆಕೆ ಕನ್ನಡಕ ತೆಗೆದು ದೂರದರ್ಶಕಕ್ಕೆ ಕಣ್ಣಿಟ್ಟಳು.

ನಾವು ಮೂವರೂ ಹಿಂದೆ ಸರಿದು ನಿಂತೆವು. ನಾಟಕೀಯವಾದದ್ದೇನೂ ನಡೆಯಲಿಲ್ಲ. ಆಕೆ ಅಳಲಿಲ್ಲ. "ಒಂದು ಪೆನ್ನು, ಹಾಳೆ ಕೊಡಿ" ಎಂದಳು. ಕೈ ಮೊದಮೊದಲು ತಡವರಿಸಿತು, ತಿರುಗಿಸುವ ತಿರುಪು ಯಾವುದೆಂದು ಮರೆತುಹೋಗಿತ್ತು. ಮಾವ ತೋರಿಸಲು ಮುಂದೆ ಬಂದ, "ನಾನೇ ಹುಡುಕ್ತೀನಿ" ಎಂದಳು. ಹುಡುಕಿಕೊಂಡಳು. ಎಡಗಡೆ ಒಂದು ಅಳತೆ, ಬಲಗಡೆ ಒಂದು ಅಳತೆ, ಹೀಗೆ ಒಂದೊಂದು ಗೆರೆಗೂ. ಎರಡು ಗಂಟೆ ಹಿಡಿಯಿತು. ಲೆಕ್ಕ ಮಾಡಿ ಮೇಡಮ್ ಮುಂದೆ ಹಾಳೆ ಇಟ್ಟಳು. ಹೀಲಿಯಂನ ಹಳದಿ ಗೆರೆ ಇರಬೇಕಾದ ಜಾಗದಲ್ಲೇ ಇತ್ತು, ಕೂದಲೆಳೆಯಷ್ಟು ವ್ಯತ್ಯಾಸ.

"ಮಾರ್ಕ್ಸ್ ಹಾಕಿ ಮೇಡಮ್" ಎಂದಳು. ತಮಾಷೆಯೋ ಅಲ್ಲವೋ ನಮಗೆ ತಿಳಿಯಲಿಲ್ಲ. ಮೇಡಮ್ ಕೆಂಪು ಶಾಯಿಯಲ್ಲಿ ಪೂರ್ತಿ ಅಂಕ ಹಾಕಿ ಸಹಿ ಮಾಡಿ ಅಂದಿನ ತಾರೀಖು ಬರೆದರು. ಆಕೆ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಮಾವನ ಕಡೆ ತಿರುಗಿದಳು.

"ಬಯ್ಯಬೇಕು ಅಂತಲೇ ಬಂದಿದ್ದೆ ಅಣ್ಣ. ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದೆ. ಈಗ ಬರ್ತಿಲ್ಲ. ಆದ್ರೆ ಕ್ಷಮಿಸಿದೀನಿ ಅನ್ನೋಕೂ ಬಾಯಿ ಬರ್ತಿಲ್ಲ."

"ಅನ್ನಬೇಡಿ ಅಮ್ಮ" ಎಂದ ಮಾವ.

ಮರುದಿನ ಅವನು ನಡೆದದ್ದನ್ನೆಲ್ಲ ಎರಡು ಪುಟ ಬರೆದು ಪ್ರಿನ್ಸಿಪಾಲರಿಗೆ ಕೊಟ್ಟ. ಅವರು ಓದಿ ಕನ್ನಡಕದ ಮೇಲಿನಿಂದ ನೋಡಿದರು. "ಇದನ್ನ ಈಗ ಯಾವ ಫೈಲಿಗೆ ಹಾಕ್ಲಿ ನಿಧಾನಣ್ಣ? ಆಗ ಇದ್ದ ಮುಖ್ಯಸ್ಥರೇ ಈಗಿಲ್ಲ." ಮಾವ ಬಿಡಲಿಲ್ಲ. ಕಡೆಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಕೈತೊಳೆದುಕೊಂಡರು. ಶಿಕ್ಷೆ ಇಷ್ಟೇನಾ ಎಂದು ಅವನಿಗೆ ನಾಚಿಕೆಯಾಯಿತು. ಮನೆಯಲ್ಲಿ ಎಲ್ಲವನ್ನೂ ಕೇಳಿದ ಅತ್ತೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಮಲಗಿದ್ದೆ. ನನಗೂ ಹೇಳಬಾರದಿತ್ತಾ? ನಾನು ಸೀಬೆಹಣ್ಣನ್ನ ಬಯ್ಕೊಂಡು ಕೂತಿದ್ದೆ" ಎಂದು ಅತ್ತಳು.

ತಪ್ಪಿತಸ್ಥ ಮನಸ್ಸು ಸುಮ್ಮನೆ ಕೂರಲು ಬಿಡುವುದಿಲ್ಲ. ಒಂದು ತಿಂಗಳಾದ ಮೇಲೆ ಮಾವ ಯಾರಿಗೂ ತಿಳಿಸದೆ ಆ ಕಾರ್ಖಾನೆಗೆ ಹೋಗಿ ಮ್ಯಾನೇಜರನ್ನು ಕಂಡ. ಆಕೆಯ ಕಣ್ಣಿಗೆ ಯಾವ ದೋಷವೂ ಇಲ್ಲ, ಬಣ್ಣ ಹೋಲಿಸುವ ಕೆಲಸ ಕೊಡಿ, ನಾನು ಸಾಕ್ಷಿ ಎಂದು ಬೇಡಿಕೊಂಡ. ಆ ಜಾಗಕ್ಕೆ ಬೇರೆಯವರಿದ್ದಾರೆ ಎಂದು ಮ್ಯಾನೇಜರ್ ಹೇಳಿ ಕಳಿಸಿದ. ಮಾತು ಕಾರ್ಖಾನೆಯೆಲ್ಲ ಹಬ್ಬಿತು. ಸಂಜೆ ಆಕೆ ನೇರವಾಗಿ ಮಾವನ ಮನೆಗೇ ಬಂದಳು. ನಾನೂ ಅಲ್ಲಿದ್ದೆ.

"ನನ್ನ ಪರವಾಗಿ ಮಾತಾಡಿ ಅಂತ ಯಾರು ಹೇಳಿದ್ರು ನಿಮಗೆ? ಈಗ ಎಲ್ಲರೂ ನನ್ನನ್ನ ಪಾಪ ಅಂತ ನೋಡ್ತಿದ್ದಾರೆ. ಅವತ್ತೂ ನನ್ನನ್ನ ಕೇಳದೆ ಮಾಡಿದ್ರಿ, ಇವತ್ತೂ ಕೇಳದೆ ಮಾಡಿದ್ರಿ."

ಲ್ಯಾಬಿನಲ್ಲಿ ಬಾರದ ಸಿಟ್ಟು ಅಂದು ಪೂರ್ತಿ ಬಂತು. ಮಾವ ತಡೆಯಲಿಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಎಲ್ಲ ಮುಗಿದ ಮೇಲೆ ಮಾವ ಮೆಲ್ಲಗೆ ಕೇಳಿದ: "ತಪ್ಪಾಯ್ತಮ್ಮ. ಇನ್ನೇನು ಮಾಡ್ಲಿ ಹೇಳಿ."

"ಏನೂ ಮಾಡಬೇಡಿ. ನಾನು ಕೇಳಿದ್ರೆ ಮಾತ್ರ ಮಾಡಿ."

ಆಕೆ ಕೇಳಲಿಲ್ಲ. ಒಂದೂವರೆ ವರ್ಷ ಕಳೆಯಿತು. ಒಂದು ದಿನ ಮಾವ ರೀಫಿಲ್ ಕೊಳ್ಳಲು ಹೋದಾಗ ಅಂಗಡಿಯ ಸಹಪಾಠಿ ಸುದ್ದಿ ಹೇಳಿದ. ಬಣ್ಣದ ಕೋಣೆಯಲ್ಲಿದ್ದವರು ಕೆಲಸ ಬಿಟ್ಟರಂತೆ, ಆಕೆಯೇ ಹೋಗಿ ಅರ್ಜಿ ಕೊಟ್ಟಳಂತೆ, ಮೂರು ತಿಂಗಳು ನೋಡೋಣ ಎಂದಿದ್ದಾರಂತೆ. ಮಾವ ಮನೆಗೆ ಬಂದು ಅದನ್ನು ಅತ್ತೆಗೆ ಹೇಳುವಾಗ ಬೂಟಿನ ಲೇಸು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಹೋಗಿ ಒಳ್ಳೇದಾಯ್ತು ಅಂತ ಒಂದು ಮಾತು ಹೇಳಿ ಬರಬಾರದಾ?" ಎಂದಳು ಅತ್ತೆ.

"ಅವರು ಕರೆದಿಲ್ಲ" ಎಂದ ಮಾವ. ಲೇಸಿನ ಗಂಟು ಬಿಗಿದಿತ್ತು, ಅದನ್ನೇ ಬಿಡಿಸುತ್ತಾ ಕೂತ.